ಪ್ರಕೃತಿಚಿಕಿತ್ಸೆಯ ಶಾಸ್ತ್ರತ್ವವಿಮರ್ಶೆ

ಶಾಸ್ತ್ರವೆಂಬ ಶಬ್ದವು ಗೌರವದ್ದು; ಆದುದರಿಂದಲೇ ಅದನ್ನು ಧರಿಸಬಯಸುವವರು ಬಹುಮಂದಿ. ಯಾವ ವಿದ್ಯೆಯು ತನ್ನ ಪ್ರಮೇಯಗಳನ್ನು ಪ್ರಮಾಣದಿಂದ ಸಾಧಿಸಿ, ಪ್ರತಿವಾದಿಯ ಆಕ್ಷೇಪಕ್ಕೆ ಎಡೆಗೊಟ್ಟು, ಸೋತಲ್ಲಿ ತನ್ನ ಮತವನ್ನು ತಿದ್ದಿಕೊಳ್ಳುವದೋ ಅದಕ್ಕೇ ಆ ಹೆಸರು ಸಲ್ಲತಕ್ಕದ್ದು. ಪ್ರಕೃತಿಚಿಕಿತ್ಸೆಯು ತಾನೂ ವೈಜ್ಞಾನಿಕ ವೈದ್ಯವೆಂದು ಹೇಳಿಕೊಳ್ಳುತ್ತಿರುವದರಿಂದ ಅದನ್ನು ಈ ಒರೆಗಲ್ಲಿಗೆ ಹಚ್ಚುವದು ಅನ್ಯಾಯವಾಗಲಾರದು. ಉಪವಾಸ, ಮಣ್ಣಿನ ಪಟ್ಟಿ, ಕಟಿಸ್ನಾನಗಳಿಂದ ಕೆಲವರಿಗೆ ಹಿತವಾಗುವದೋ ಎಂಬದು ಒಂದು ಪ್ರಶ್ನೆ. ಇವುಗಳ ಹಿಂದಿರುವ ಸಿದ್ಧಾಂತವು ಸಾಧಿತವಾಗಿದೆಯೋ ಎಂಬದು ಬೇರೊಂದು. ಇಲ್ಲಿ ವಿಚಾರ್ಯವಾದದ್ದು ಎರಡನೆಯದು.

ಈ ಪದ್ಧತಿಯನ್ನು ಋಷಿಪ್ರಣೀತವೆಂದು ಬಗೆಯುವವರುಂಟು. ಅದರ ಈಗಿನ ರೂಪದ ಬೇರಾದರೋ ಜರ್ಮನಿಯಲ್ಲಿದೆ. ಲೈಪ್‌ಜಿಗ್ ನಗರದ ಲೂಯಿ ಕೂನೆಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತನ್ನ ಗ್ರಂಥಕ್ಕೆ ನೂತನ ಚಿಕಿತ್ಸಾಶಾಸ್ತ್ರವೆಂದೇ ಹೆಸರಿಟ್ಟನು. ರೋಗವು ಒಂದೇ, ದೇಹದಲ್ಲಿ ಕೂಡಿದ ವಿಜಾತೀಯ ದ್ರವ್ಯವೇ ಅದರ ಕಾರಣ, ಅದನ್ನು ಹೊರಹಾಕುವದೇ ಚಿಕಿತ್ಸೆ. ಇದು ಅವನ ಮತದ ಸಾರ. ಚರಕಸಂಹಿತೆಯು ಔಷಧದ್ರವ್ಯಗಳನ್ನು ವಿಸ್ತಾರವಾಗಿ ವಿಧಿಸುವದು. ಔಷಧವನ್ನೇ ನಿರಾಕರಿಸುವ ಮತವು ಅದರ ಆಸರೆಯನ್ನು ಬೇಡುವದು ಸಂಗತವಲ್ಲ. ಗಾಂಧೀಜಿಯವರ ಹೆಸರನ್ನೂ ಪ್ರಮಾಣವಾಗಿ ತರುವರು. ಅವರು 1946ರಲ್ಲಿ ಪುಣೆಯ ಹತ್ತಿರ ಉರುಳಿಕಾಂಚನದಲ್ಲಿ ಪ್ರಕೃತಿಚಿಕಿತ್ಸಾಶ್ರಮವನ್ನು ಸ್ಥಾಪಿಸಿದ್ದು ನಿಜ. 1924ರಲ್ಲಿ ಅಪೆಂಡಿಸೈಟಿಸ್ ಬಾಧೆಗಾಗಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದೂ ಅಷ್ಟೇ ನಿಜ.

ಮೊದಲಿಗೆ, ರೋಗವು ಒಂದೇ ಎಂಬ ಪ್ರತಿಜ್ಞೆಯು ಪ್ರತ್ಯಕ್ಷಬಾಧಿತವಾದದ್ದು. 1882ರಲ್ಲಿ ರಾಬರ್ಟ್ ಕಾಖನು ಕ್ಷಯದ ಅಣುಜೀವಿಯನ್ನು ತೋರಿಸಿಕೊಟ್ಟನು. ಮಲೇರಿಯಾಕ್ಕೆ ಕಾರಣವು ಬೇರೆ, ಮಧುಮೇಹಕ್ಕೆ ಬೇರೆ. ಎರಡನೆಯದಾಗಿ, ಚಿಕಿತ್ಸೆಯಿಂದ ರೋಗವು ಇಳಿದರೆ ಗುಣವೆನ್ನುವರು. ಏರಿದರೆ ಮಲವು ಹೊರಬೀಳುವ ಸಂಧಿಕಾಲವೆನ್ನುವರು. ಹೀಗೆ ಇಳಿತವೂ ಏರಿಕೆಯೂ ಒಂದೇ ಸಾಧ್ಯಕ್ಕೆ ಹೇತುವಾದರೆ ನೈಯಾಯಿಕರು ಅದನ್ನು ಅನೈಕಾಂತಿಕವೆಂದು ತಳ್ಳುವರು. ಎಂದಿಗೂ ಸೋಲದ ಮತವು ಎಂದಿಗೂ ಗೆದ್ದದ್ದೂ ಅಲ್ಲ.

ಗುಣಹೊಂದಿದವರ ಸಾಕ್ಷ್ಯವಿದೆಯಲ್ಲ ಎಂದರೆ, ಕಾಗೆ ಕೂಡ್ರುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಇರುವ ಸಂಬಂಧವನ್ನು ಸ್ಮರಿಸಬೇಕು. ಎಷ್ಟೋ ಜ್ವರಗಳು ತಾವಾಗಿಯೇ ಇಳಿಯುವವು. ಚಿಕಿತ್ಸೆ ಇದ್ದಲ್ಲಿ ಗುಣವೆಂಬ ಅನ್ವಯವೊಂದೇ ಸಾಲದು. ಅದಿಲ್ಲದಲ್ಲಿ ಗುಣವಿಲ್ಲವೆಂಬ ವ್ಯತಿರೇಕವೂ ಬೇಕು. ರೋಗಿಗಳನ್ನು ಎರಡು ಗುಂಪಾಗಿ ಮಾಡಿ ಹೋಲಿಸುವ ಈಗಿನ ಪರೀಕ್ಷಾಕ್ರಮವು ಈ ವ್ಯತಿರೇಕವನ್ನೇ ಅರಸುವದು.

ಪ್ರಕೃತಿಯು ಸದಾ ಹಿತಕಾರಿಣಿಯೆಂಬ ನಂಬಿಕೆಗೆ ಬಾಗಲಕೋಟೆಯ ಸೀಮೆಯೇ ಉತ್ತರ ಕೊಡುವದು. ಹುನಗುಂದ, ಇಲಕಲ್ಲುಗಳದು ಗ್ರಾನೈಟ್ ಶಿಲೆಯ ನೆಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮು ಫ್ಲೋರೈಡಿಗೆ ಮಿತಿ. ಇಲ್ಲಿಯ ಕೆಲವು ಕೊಳವೆಬಾವಿಗಳು ಅದನ್ನು ಮೀರುವವು. ಅಂಥ ನೀರನ್ನು ವರುಷಗಟ್ಟಲೆ ಕುಡಿದವರ ಹಲ್ಲು ಕಲೆಗಟ್ಟುವದು, ಎಲುಬು ಬಿರುಸಾಗುವದು. ಇದೇ ವಿಜಾತೀಯ ದ್ರವ್ಯವೆಂದು ವಾದಿಯು ಹೇಳಬಹುದು. ಆದರೆ ಅದನ್ನು ಕಂಡುಹಿಡಿದದ್ದು ರಸಾಯನಶಾಲೆಯ ಅಳತೆ, ಕಟಿಸ್ನಾನವಲ್ಲ. ಪರಿಹಾರವೂ ನೀರನ್ನು ಶೋಧಿಸುವದೇ. ಇಲಕಲ್ಲಿನ ಕೆಂಪುಕಲ್ಲನ್ನು ಒಡೆಯುವವನ ಎದೆಯಲ್ಲಿ ಧೂಳು ಕೂತು ಸಿಲಿಕೋಸಿಸ್ ಆದರೆ ಅದನ್ನು ಹಿಂದಿರುಗಿಸುವ ಮದ್ದು ಯಾರಲ್ಲಿಯೂ ಇಲ್ಲ. ಆಧುನಿಕ ವೈದ್ಯವು ಇದನ್ನು ಒಪ್ಪಿಕೊಳ್ಳುವದು. ಹಾಗೆ ಒಪ್ಪಿಕೊಳ್ಳುವದೇ ಶಾಸ್ತ್ರದ ಲಕ್ಷಣ.

ರಾಜಮನ್ನಣೆಯಿದೆಯೆಂಬ ವಾದವೊಂದುಂಟು. ಉಜಿರೆಯಲ್ಲಿ 1989ರಿಂದ ಇದರ ಮಹಾವಿದ್ಯಾಲಯವಿದೆ. ಪದವಿಯ ಅವಧಿಯು ಐದೂವರೆ ವರುಷ. ಆದರೂ ಭಾರತೀಯ ವೈದ್ಯಪದ್ಧತಿಗಳಿಗಾಗಿ 2020ರಲ್ಲಿ ಆದ ಆಯೋಗದ ಕಾಯಿದೆಯು ಆಯುರ್ವೇದ, ಯುನಾನಿ, ಸಿದ್ಧ, ಸೋವಾ-ರಿಗ್ಪಾಗಳನ್ನು ಎಣಿಸಿ ಇದನ್ನು ಬಿಟ್ಟಿತು. ಎಣಿಸಿದ್ದರೂ ವಾದವು ನಿಲ್ಲುತ್ತಿರಲಿಲ್ಲ. ರಾಜಮುದ್ರೆಯು ನಾಣ್ಯವನ್ನು ನಡೆಸೀತು, ಪ್ರಮೇಯವನ್ನು ಸಾಧಿಸಲಾರದು.

ಮಿತಾಹಾರ, ವ್ಯಾಯಾಮ, ನಿದ್ರೆ, ಶುದ್ಧವಾಯುಗಳು ಹಿತಕರವೆಂಬದರಲ್ಲಿ ವಿವಾದವಿಲ್ಲ. ಹಗಲೆಲ್ಲ ಕುಣಿಮಗ್ಗದಲ್ಲಿ ಕೂತು ಬೆನ್ನು ಹಿಡಿದ ನೇಕಾರನಿಗೆ ಅಂಗಸಾಧನೆಯು ಉಪಕರಿಸೀತು. ಆದರೆ ಈ ಪಥ್ಯವು ಎಲ್ಲ ವೈದ್ಯಗಳ ಸಾಮಾನ್ಯಧನ. ಅದನ್ನು ತೋರಿಸಿ ಕೂನೆಯ ಸಿದ್ಧಾಂತವನ್ನು ಮಾರುವದು ಸರಿಯಲ್ಲ. ಬಾದಾಮಿಯ ಒಕ್ಕಲಿಗನೊಬ್ಬನಿಗೆ ಕ್ಷಯವಾದರೆ ಸರಕಾರಿ ಆಸ್ಪತ್ರೆಯಲ್ಲಿ ಔಷಧವು ಧರ್ಮಾರ್ಥ ದೊರೆಯುವದು. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಸೇವಿಸಬೇಕು. ಔಷಧವು ವಿಷವೆಂಬ ಉಪದೇಶವನ್ನು ಕೇಳಿ ಅವನು ನಡುವೆ ಬಿಟ್ಟರೆ ರೋಗವು ಔಷಧಕ್ಕೆ ಬಗ್ಗದಂತೆ ಬಲಿಯಬಹುದು, ಮನೆಯವರಿಗೂ ಹರಡಬಹುದು. ವ್ಯಾಕರಣದಲ್ಲಿ ಹೇತುವು ದುಷ್ಟವಾದರೆ ಸಭೆಯಲ್ಲಿ ಮಾನ ಹೋಗುವದು. ವೈದ್ಯದಲ್ಲಿ ದುಷ್ಟವಾದರೆ ಪ್ರಾಣ ಹೋಗುವದು. ಪ್ರಕೃತಿಚಿಕಿತ್ಸೆಯು ಪಥ್ಯವಾಗಿ ಉಳಿಯಲಿ; ಶಾಸ್ತ್ರವೆಂಬ ಹೆಸರನ್ನು ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಕೇಳಲಿ.