ಗಾಳಿಮಾತು ಎಲ್ಲಿಯದಾದರೂ ಕಿವಿ ನಮ್ಮದು

ವಾಟ್ಸ್‌ಆ್ಯಪ್ ಸುಳ್ಳಿನ ಮಾತು ಬಂದರೆ ಚಿತ್ರದುರ್ಗದಲ್ಲಿ ಎರಡು ವಿವರಣೆಗಳು ಸಿದ್ಧವಿರುತ್ತವೆ: ಇದು ಹೊರಗಿನವರ ಕೈವಾಡ, ನಂಬುವವರು ಓದುಬರಹ ಬಾರದ ಹಳ್ಳಿಯವರು. ಯುರೋಪಿನಲ್ಲೂ ಮೊದಲನೆಯದಕ್ಕೇ ಒತ್ತು. 2024ರ ಡಿಸೆಂಬರ್ 6ರಂದು ರುಮೇನಿಯಾದ ಸಾಂವಿಧಾನಿಕ ನ್ಯಾಯಾಲಯ ಅಧ್ಯಕ್ಷೀಯ ಚುನಾವಣೆಯನ್ನೇ ರದ್ದು ಮಾಡಿದಾಗ ಟಿಕ್‌ಟಾಕ್ ಪ್ರಚಾರ, ರಷ್ಯಾದ ನೆರಳು ಎರಡೂ ಚರ್ಚೆಯಲ್ಲಿದ್ದವು. ಆ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕರ್ನಾಟಕದ ಅನುಭವದ ಮುಂದೆ ಈ ಎರಡು ವಿವರಣೆಗಳೂ ನಿಲ್ಲುವುದಿಲ್ಲ.

2012ರ ಆಗಸ್ಟ್ ನೆನೆಯಿರಿ. ಅಸ್ಸಾಂನ ಕೋಕ್ರಜಾರ್ ಹಿಂಸೆಯ ಬೆನ್ನಿಗೆ, ರಂಜಾನ್ ಮುಗಿಯುತ್ತಲೇ ದಾಳಿ ನಡೆಯುತ್ತದೆಂಬ ವದಂತಿ ಹಬ್ಬಿ, ಈಶಾನ್ಯದ ಸಾವಿರಾರು ಜನ ಬೆಂಗಳೂರು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ತಿರುಚಿದ ಚಿತ್ರಗಳು ಪಾಕಿಸ್ತಾನದಿಂದ ಬಂದವು ಎಂದಿತು ಕೇಂದ್ರ ಗೃಹ ಇಲಾಖೆ. ಬಂದಿರಬಹುದು. ಓಡಿದವರಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದರು, ಕಂಪನಿ ನೌಕರರಿದ್ದರು, ಸೆಕ್ಯುರಿಟಿ ಗಾರ್ಡ್‌ಗಳಿದ್ದರು. ಸರ್ಕಾರ ಅಭಯ ಕೊಟ್ಟರೂ ರೈಲು ಹತ್ತಿದರು. ಆಪತ್ತಿನಲ್ಲಿ ಈ ಊರು ತಮ್ಮ ಕೈಹಿಡಿಯುತ್ತದೆಂಬ ಭರವಸೆ ಅವರಿಗಿರಲಿಲ್ಲ. ಮುಖಚಹರೆ ನೋಡಿ ಬೀದಿಯಲ್ಲಿ ಅವರನ್ನು ಹಂಗಿಸಿದವರು ನಾವೇ.

2018ರ ಕಥೆ ಇನ್ನೂ ಕಠೋರ. ಆ ವರ್ಷ ಇಲ್ಲಿ ಹರಿದಾಡಿದ ಮಗು ಅಪಹರಣದ ವಿಡಿಯೊ ನಿಜಕ್ಕೂ ಕರಾಚಿಯದು. ಅದು ಮಕ್ಕಳ ಸುರಕ್ಷತೆಗಾಗಿ ತೆಗೆದ ಜಾಗೃತಿ ಚಿತ್ರ. ಮಗುವನ್ನು ಹಿಂದಕ್ಕೆ ಬಿಡುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಿದ್ದರು. ಜುಲೈ 13ರಂದು, ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದವರ ಕಾರನ್ನು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಡ್ಡಗಟ್ಟಿ, ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರೊಬ್ಬರನ್ನು ಹೊಡೆದು ಕೊಂದರು. ಅವರು ಬರುತ್ತಿದ್ದಾರೆಂಬ ಸುದ್ದಿಯನ್ನು ಕಾರಿಗಿಂತ ಮೊದಲೇ ಮುರ್ಕಿಗೆ ಮುಟ್ಟಿಸಿದ್ದು ಸುತ್ತಮುತ್ತಲಿನವರದೇ ವಾಟ್ಸ್‌ಆ್ಯಪ್. ಭಯ ಎಲ್ಲಿಂದಲೋ ಬಂದಿರಬಹುದು, ಕಲ್ಲೆತ್ತಲು ಕರೆದದ್ದು ಪರಿಚಯದ ನಂಬರು.

ಎರಡೂ ಸಲ ಮದ್ದು ಒಂದೇ. 2012ರಲ್ಲಿ ಒಮ್ಮೆಗೆ 5 ಜನರಿಗಿಂತ ಹೆಚ್ಚಿನವರಿಗೆ ಎಸ್ಸೆಮ್ಮೆಸ್ ಹೋಗದಂತೆ ಸರ್ಕಾರ ತಡೆಯಿತು. 2018ರಲ್ಲಿ ಫಾರ್ವರ್ಡ್ ಮಿತಿಯನ್ನು ವಾಟ್ಸ್‌ಆ್ಯಪ್ 5ಕ್ಕೆ ಇಳಿಸಿತು. ವೇಗ ತಗ್ಗಿದ್ದು ಒಳ್ಳೆಯದೇ. ಆದರೆ ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಸ್ವಂತ ಭಾವನೇ ಕಳಿಸಿದ ಮಾತನ್ನು ನಂಬಲು ಐದು ಫಾರ್ವರ್ಡ್ ಬೇಕಿಲ್ಲ, ಒಂದೇ ಸಾಕು. ಚುನಾವಣೆ ಬಂದಾಗ ಜಾತಿಯ ಸುಳ್ಳೂ ಇದೇ ದಾರಿಯಲ್ಲಿ ಮನೆಯೊಳಗೆ ಬರುತ್ತದೆ.

ಹಿರಿಯೂರಿನ ಹಟ್ಟಿಯೊಂದಕ್ಕೆ ರಾತ್ರಿ ಎಂಟಕ್ಕೆ ಇಂಥ ಸಂದೇಶ ಬಂದರೆ, ನಿಜವೇ ಎಂದು ಕೇಳಲು ಅಷ್ಟೇ ಪರಿಚಯದ ಇನ್ನೊಂದು ದನಿ ಬೇಕು. ಬೀಟ್ ಪೊಲೀಸರ ಮತ್ತು ಪಿಡಿಒ ಅವರ ಹೆಸರು, ಫೋನ್ ನಂಬರನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಕರೆ ಬಂದ ರಾತ್ರಿಯೇ ಕನ್ನಡದಲ್ಲಿ ಉತ್ತರ ಕೊಡಿ.