ಯಾರದೋ ದುಡ್ಡು, ಯಾರ ಯೂನಿವರ್ಸಿಟಿ?

ಕಳೆದ ತಿಂಗಳು ಹಾಸನದಿಂದ ಅಕ್ಕ ಫೋನ್ ಮಾಡಿದ್ದಳು. ದೊಡ್ಡಪ್ಪನ ಮಗಳು. ಅವಳ ಮಗ ಬಿಎಸ್ಸಿ ಮುಗಿಸ್ತಿದಾನೆ, ಮೆಲ್ಬರ್ನ್‌ನಲ್ಲೋ ಸಿಡ್ನಿಯಲ್ಲೋ ಡೇಟಾ ಸೈನ್ಸ್ ಮಾಸ್ಟರ್ಸ್ ಮಾಡಬೇಕು ಅಂತ ಅವನ ಆಸೆ. "ನೀನು ಅಲ್ಲೇ ಓದಿದೋನು, ಅಲ್ಲೇ ಕೆಲಸದಲ್ಲಿರೋನು. ಎಷ್ಟಾಗತ್ತೆ ಅಂತ ಸರಿಯಾಗಿ ಲೆಕ್ಕ ಹಾಕಿ ಹೇಳು" ಅಂದಳು.

ಲೆಕ್ಕ ಹಾಕೋದೇ ನನ್ನ ಹೊಟ್ಟೆಪಾಡು. ಎಕ್ಸೆಲ್ ತೆರೆದು ಕೂತೆ. ಎರಡು ವರ್ಷದ ಫೀಸು ಒಂದು ಲಕ್ಷ ಡಾಲರ್ ದಾಟುತ್ತದೆ. ವೀಸಾ ಅರ್ಜಿಗೆ 2000 ಡಾಲರ್, ತಿರಸ್ಕಾರವಾದರೂ ವಾಪಸ್ ಬರಲ್ಲ. ಒಂದು ವರ್ಷದ ಊಟ, ಬಾಡಿಗೆಗೆ ಅಂತ 29,710 ಡಾಲರ್ ಇದೆ ಎಂದು ತೋರಿಸಬೇಕು. ಎಲ್ಲವನ್ನೂ ರೂಪಾಯಿಗೆ ಬದಲಿಸಿದೆ. ಕೊನೆಯ ಸಾಲಿನಲ್ಲಿ ಬಂದ ಮೊತ್ತ ಅಕ್ಕ ತನ್ನ ಹದಿನೇಳು ವರ್ಷದ ನೌಕರಿಯಲ್ಲಿ ದುಡಿದ ಒಟ್ಟು ಹಣಕ್ಕಿಂತ ಜಾಸ್ತಿ ಇತ್ತು.

ಅಕ್ಕ ಏನು ಕೆಲಸ ಮಾಡ್ತಾಳೆ ಅಂತ ಹೇಳಲಿಲ್ಲ ಅಲ್ವಾ? ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನಮ್ಮ ಕಡೆ ಮನೆಗೆ ಬಂದ ನೆಂಟ ಮೂರು ದಿನ ಕಳೆದರೆ ಮನೆಯವನೇ ಆಗಿಬಿಡ್ತಾನೆ. ಸರ್ಕಾರದ ಮನೆಯಲ್ಲಿ ಹದಿನೇಳು ವರ್ಷ ಕಳೆದರೂ ಅವಳು ಅತಿಥಿಯೇ.

ಆ ಕೊನೆಯ ಸಾಲಿನ ಬಗ್ಗೆ ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು. ಎರಡು ಸರ್ಕಾರಗಳು ತಮ್ಮ ಯೂನಿವರ್ಸಿಟಿಗಳಿಂದ ಹಿಂದಕ್ಕೆ ಎಳೆದುಕೊಂಡ ಹಣ ಅದರಲ್ಲಿ ಸೇರಿದೆ ಅನ್ನೋದು ನನ್ನ ವಾದ. ಒಂದು ಇಲ್ಲಿಯ ಸರ್ಕಾರ, ಇನ್ನೊಂದು ನಮ್ಮೂರಿನದು. ಎರಡೂ ಕಡೆಯ ಗುಂಡಿ ಮುಚ್ಚಬೇಕಾಗಿರೋದು ಮಾತ್ರ ಒಂದೇ ಮನೆ.

ಮೊದಲು ಇಲ್ಲಿಯದು ನೋಡೋಣ.

ಸಿಡ್ನಿ ಯೂನಿವರ್ಸಿಟಿ ಹುಟ್ಟಿದ್ದು 1850ರಲ್ಲಿ, ನ್ಯೂ ಸೌತ್ ವೇಲ್ಸ್‌ನ ಕಾನೂನಿನಿಂದ. ಮೆಲ್ಬರ್ನ್ ಯೂನಿವರ್ಸಿಟಿ 1853ರಲ್ಲಿ, ವಿಕ್ಟೋರಿಯಾದ ಕಾನೂನಿನಿಂದ. ಇವತ್ತಿಗೂ ಇವು ರಾಜ್ಯಗಳ ಕಾಯಿದೆಯಡಿ ನಡೆಯುವ ಸಾರ್ವಜನಿಕ ಸಂಸ್ಥೆಗಳು; ಇವುಗಳ ಲೆಕ್ಕ ತಪಾಸಣೆ ಮಾಡೋದು ರಾಜ್ಯದ ಆಡಿಟರ್ ಜನರಲ್. ಆದರೆ ಇವನ್ನು ನಡೆಸುವ ಹಣ ರಾಜ್ಯದಿಂದ ಬರಲ್ಲ. 1974ರಲ್ಲಿ ಗಾಫ್ ವಿಟ್ಲಮ್ ಸರ್ಕಾರ ಟ್ಯೂಷನ್ ಫೀಸನ್ನು ರದ್ದು ಮಾಡಿ ಯೂನಿವರ್ಸಿಟಿಗಳ ಪೂರ್ತಿ ಖರ್ಚನ್ನು ಒಕ್ಕೂಟ ಸರ್ಕಾರದ ಹೆಗಲಿಗೆ ತಗೊಂಡಿತು. ರಾಜ್ಯಗಳು ಹಗುರವಾದವು.

ಹಗುರವಾದವು ಅಷ್ಟೇ ಅಲ್ಲ. ಇಲ್ಲಿ ಪೇರೋಲ್ ಟ್ಯಾಕ್ಸ್ ಅಂತ ಒಂದಿದೆ: ದೊಡ್ಡ ಸಂಸ್ಥೆಗಳು ತಾವು ಕೊಡುವ ಸಂಬಳದ ಮೇಲೆ ರಾಜ್ಯಕ್ಕೆ ಕಟ್ಟುವ ತೆರಿಗೆ. ಸಾರ್ವಜನಿಕ ಯೂನಿವರ್ಸಿಟಿಗಳೂ ಅದನ್ನು ಕಟ್ಟುತ್ತವೆ. ಅಂದರೆ ರಾಜ್ಯ ತನ್ನದೇ ಕಾಯಿದೆಯಿಂದ ಹುಟ್ಟಿದ ಯೂನಿವರ್ಸಿಟಿಯಿಂದ ವರ್ಷ ವರ್ಷ ಹಣ ತಗೊಳ್ಳುತ್ತದೆ. 2020ರಲ್ಲಿ ಕೋವಿಡ್ ಬಂದಾಗ ವಿಕ್ಟೋರಿಯಾ 350 ಮಿಲಿಯನ್ ಡಾಲರ್ ನೆರವು ಘೋಷಿಸಿತು. ಅದರ ಜೊತೆಗೆ ಬಂದದ್ದು ಏನು ಗೊತ್ತಾ? ಪೇರೋಲ್ ಟ್ಯಾಕ್ಸನ್ನು ಸ್ವಲ್ಪ ತಡವಾಗಿ ಕಟ್ಟಿ ಅನ್ನೋದು. ನ್ಯೂ ಸೌತ್ ವೇಲ್ಸ್ 750 ಮಿಲಿಯನ್ ಡಾಲರ್‌ವರೆಗೆ ಮುಂದೆ ಬಂತು, ಅನುದಾನ ಕೊಡಲಿಕ್ಕಲ್ಲ, ಸಾಲಕ್ಕೆ ಜಾಮೀನು ನಿಲ್ಲಲಿಕ್ಕೆ. ಸ್ವಂತ ಮಗನಿಗೆ ಅಪ್ಪ ಜಾಮೀನು ಹಾಕಿದ ಹಾಗೆ. ಅದೂ ಉಪಕಾರವೇ, ಇಲ್ಲ ಅನ್ನಲ್ಲ.

ಇನ್ನು ಒಕ್ಕೂಟ ಸರ್ಕಾರ. ಉಚಿತ ಶಿಕ್ಷಣ ಹದಿನೈದು ವರ್ಷ ನಡೆಯಿತು. 1989ರಲ್ಲಿ ಹೆಕ್ಸ್ ಬಂತು, ವರ್ಷಕ್ಕೆ 1800 ಡಾಲರ್. ಇದನ್ನು ನಾನು ಬೈಯಲ್ಲ, ಅದರ ಯೋಚನೆ ಚೆನ್ನಾಗಿತ್ತು. ಓದುವಾಗ ಕೈಯಿಂದ ಕೊಡಬೇಕಿಲ್ಲ, ಮುಂದೆ ಸಂಬಳ ಒಂದು ಮಟ್ಟ ದಾಟಿದ ಮೇಲೆ ತೆರಿಗೆಯ ಜೊತೆ ಸಾಲ ತೀರಿಸಿದರೆ ಸಾಕು. ಸಂಬಳ ಬರದಿದ್ದರೆ ಯಾರೂ ಬಾಗಿಲು ಬಡಿಯಲ್ಲ. ತೊಂದರೆ ಶುರುವಾಗಿದ್ದು ಆಮೇಲೆ, ಪ್ರತಿ ಸರ್ಕಾರವೂ ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದಾಗ. 1996ರ ಬಜೆಟ್‌ನಲ್ಲಿ ಹೋವರ್ಡ್ ಸರ್ಕಾರ ಅನುದಾನ ಕತ್ತರಿಸಿ ಹೆಕ್ಸ್ ಏರಿಸಿತು. 2017ರ ಕೊನೆಯಲ್ಲಿ ಟರ್ನ್‌ಬುಲ್ ಸರ್ಕಾರ ಬೋಧನಾ ಅನುದಾನಕ್ಕೆ ಮಿತಿ ಹಾಕಿತು. 2021ರಲ್ಲಿ ಮಾರಿಸನ್ ಸರ್ಕಾರದ 'ಜಾಬ್ ರೆಡಿ ಗ್ರಾಜುಯೇಟ್ಸ್' ಜಾರಿಯಾಗಿ ಹೆಚ್ಚಿನ ಮಾನವಿಕ ವಿಷಯಗಳಲ್ಲಿ ವಿದ್ಯಾರ್ಥಿಯ ಪಾಲು ವರ್ಷಕ್ಕೆ 14,500 ಡಾಲರ್ ಆಯಿತು, ಸರ್ಕಾರದ ಪಾಲು 1100. ಇಲ್ಲಿ ಹುಟ್ಟಿ ಬೆಳೆದ ಹುಡುಗಿ ಮೂರು ವರ್ಷ ಇತಿಹಾಸ ಓದಿದರೆ ಈಗ ಐವತ್ತು ಸಾವಿರ ಡಾಲರ್ ಸಾಲ. 2025ರಲ್ಲಿ ಆಲ್ಬನೀಸಿ ಸರ್ಕಾರ ಇಂಥ ಸಾಲಗಳಲ್ಲಿ ಶೇ. 20 ಮನ್ನಾ ಮಾಡಿತು, ಒಳ್ಳೆಯದೇ. ಆದರೆ ಮುಂದಿನ ವರ್ಷ ಸೇರುವವಳ ಫೀಸು ಹಾಗೇ ಇದೆ.

1980ರ ದಶಕದ ಕೊನೆಯಲ್ಲಿ ಯೂನಿವರ್ಸಿಟಿಗಳ ಆದಾಯದಲ್ಲಿ ಶೇ. 80ರ ಆಸುಪಾಸು ಸರ್ಕಾರದ ಹಣ ಇತ್ತು. ಈಗ ವಿದ್ಯಾರ್ಥಿ ಸಾಲದ ಹಣವನ್ನು ಬಿಟ್ಟು ಎಣಿಸಿದರೆ ಅರ್ಧಕ್ಕಿಂತ ಬಹಳ ಕೆಳಗೆ. ಹಾಗಂತ ಲ್ಯಾಬ್ ಮುಚ್ಚಿಲ್ಲ, ಕಟ್ಟಡಗಳು ನಿಂತಿಲ್ಲ. ಉಳಿದ ಹಣ ಎಲ್ಲಿಂದ ಬಂತು?

ನಮ್ಮಿಂದ. ಪೂರ್ತಿ ಫೀಸು ಕೊಡುವ ವಿದೇಶಿ ವಿದ್ಯಾರ್ಥಿಗಳಿಗೆ 1986ರಲ್ಲಿ ಬಾಗಿಲು ತೆರೆಯಿತು. ಅದಕ್ಕೂ ಮೊದಲು, 1950ರ ದಶಕದಿಂದ, ಕೊಲಂಬೊ ಯೋಜನೆಯಡಿ ಏಷ್ಯಾದ ವಿದ್ಯಾರ್ಥಿಗಳನ್ನು ಆಸ್ಟ್ರೇಲಿಯಾ ಸ್ಕಾಲರ್‌ಶಿಪ್ ಕೊಟ್ಟು ಕರೆಸಿಕೊಳ್ಳುತ್ತಿತ್ತು. ನೆರವಾಗಿ ಶುರುವಾದದ್ದು ಮೊದಲು ವ್ಯಾಪಾರವಾಯಿತು, ಆಮೇಲೆ ಊರುಗೋಲಾಯಿತು. ಸಿಡ್ನಿ ಯೂನಿವರ್ಸಿಟಿಯಲ್ಲಿ ಈಗ ಸುಮಾರು ಅರ್ಧದಷ್ಟು ವಿದ್ಯಾರ್ಥಿಗಳು ಹೊರದೇಶದವರು. ನಾವು ಕಟ್ಟುವ ಫೀಸಿನಲ್ಲಿ ನಮ್ಮ ಪಾಠದ ಖರ್ಚು ಕಳೆದು ಉಳಿದದ್ದು ಹೋಗುವುದು ಬಹುಪಾಲು ಸಂಶೋಧನೆಗೆ. ಸರ್ಕಾರದ ಸಂಶೋಧನಾ ಅನುದಾನ ಆ ಸಂಶೋಧನೆಯ ಪೂರ್ತಿ ಖರ್ಚನ್ನು ಭರಿಸಲ್ಲ. ಮಿಕ್ಕಿದ್ದನ್ನು ತುಂಬುವುದರಲ್ಲಿ ಹಾಸನ, ಹೈದರಾಬಾದ್, ಹನೋಯ್‌ನ ಮನೆಗಳ ಪಾಲಿದೆ.

ಇದನ್ನು ಇಲ್ಲಿಯ ಸರ್ಕಾರಿ ಅಂಕಿಅಂಶಗಳಲ್ಲಿ 'ರಫ್ತು' ಅಂತ ಕರೀತಾರೆ. 2023ರಲ್ಲಿ ಈ ರಫ್ತಿನ ಮೌಲ್ಯ ಸುಮಾರು 48 ಬಿಲಿಯನ್ ಡಾಲರ್. ಮಂತ್ರಿಗಳ ಭಾಷಣದಲ್ಲಿ ಕಬ್ಬಿಣದ ಅದಿರು, ಕಲ್ಲಿದ್ದಲಿನ ಪಕ್ಕದಲ್ಲೇ ಈ ಸಂಖ್ಯೆ ಬರುತ್ತದೆ. ಡೇಟಾ ಕೆಲಸದವನಾಗಿ ಈ ಸಂಖ್ಯೆಯ ಮೇಲೆ ನನಗೊಂದು ತಕರಾರಿದೆ. ಅದರಲ್ಲಿ ಫೀಸು ಮಾತ್ರ ಇಲ್ಲ, ವಿದ್ಯಾರ್ಥಿ ಇಲ್ಲಿ ಮಾಡುವ ಎಲ್ಲ ಖರ್ಚೂ ಸೇರಿದೆ: ಬಾಡಿಗೆ, ಟ್ರಾಮ್, ತರಕಾರಿ. ಆ ಹಣ ಊರಿಂದ ಬಂತೋ ಇಲ್ಲೇ ದುಡಿದದ್ದೋ ಅಂತ ಯಾರೂ ಕೇಳಲ್ಲ. ಮೆಲ್ಬರ್ನ್‌ನಲ್ಲಿ ಓದುವಾಗ ನಾನು ಡ್ಯಾಂಡೆನಾಂಗ್‌ನ ಒಂದು ಹೋಟೆಲಲ್ಲಿ ಪಾತ್ರೆ ತೊಳೀತಿದ್ದೆ. ಆ ಕೂಲಿಯಲ್ಲಿ ಭಾರತದ ಅಂಗಡಿಗೆ ಹೋಗಿ ಐದು ಕೆಜಿ ಸೋನಾ ಮಸೂರಿ ತರ್ತಿದ್ದೆ. ನಮ್ಮ ರಾಯಚೂರಿನ ಕಡೆ ಬೆಳೆದ ಅಕ್ಕಿಯೇ ಇರಬಹುದು. ಅದನ್ನು ಇಲ್ಲಿಯ ದುಡಿಮೆಯಲ್ಲಿ ನಾನು ಕೊಂಡಾಗ ಆ ಖರ್ಚು ಆಸ್ಟ್ರೇಲಿಯಾದ ರಫ್ತಿನ ಲೆಕ್ಕಕ್ಕೆ ಹೋಗುತ್ತಿತ್ತು!

ನಗು ಬರುತ್ತೆ, ಆದರೆ ಈ ಪದ ಮಾಡುವ ಕೆಲಸ ಸಣ್ಣದಲ್ಲ. 'ಸರ್ಕಾರ ಕೊಡಬೇಕಾದ ಹಣವನ್ನು ವಿದೇಶಿ ಕುಟುಂಬಗಳು ಕೊಡುತ್ತಿವೆ' ಅಂತ ಬರೆದರೆ ಅದು ನಾಚಿಕೆಯ ಸಂಗತಿ. 'ರಫ್ತು' ಅಂತ ಬರೆದರೆ ಅದೇ ಸಾಧನೆ.

ಆ ಸಾಧನೆಯ ಪರೀಕ್ಷೆ 2020ರಲ್ಲಿ ನಡೆಯಿತು. ಗಡಿ ಮುಚ್ಚಿತು. ಖರ್ಚಿಗಿಲ್ಲದ ವಿದೇಶಿ ವಿದ್ಯಾರ್ಥಿಗಳಿಗೆ ಊರಿಗೆ ಹೊರಡುವ ಸಮಯ ಬಂದಿದೆ ಅಂತ ಪ್ರಧಾನಿ ಮಾರಿಸನ್ ಹೇಳಿದರು. ಸಂಬಳ ಉಳಿಸುವ ಜಾಬ್‌ಕೀಪರ್ ಯೋಜನೆಯ ನಿಯಮಗಳನ್ನು ಸಾರ್ವಜನಿಕ ಯೂನಿವರ್ಸಿಟಿಗಳು ಹೊರಗುಳಿಯುವ ಹಾಗೆ ಬದಲಿಸಲಾಯಿತು. ಅಕ್ಟೋಬರ್ ಬಜೆಟ್‌ನಲ್ಲಿ ಸಂಶೋಧನೆಗೆ ಒಂದು ಬಿಲಿಯನ್ ಡಾಲರ್ ಬಂತು ನಿಜ. ಆದರೆ ಯೂನಿವರ್ಸಿಟಿಗಳ ಒಕ್ಕೂಟದ ಲೆಕ್ಕದ ಪ್ರಕಾರ ಆ ಒಂದು ವರ್ಷದಲ್ಲಿ ಕನಿಷ್ಠ 17,300 ಕೆಲಸಗಳು ಹೋದವು. ವಿಕ್ಟೋರಿಯಾ ವಿದೇಶಿ ವಿದ್ಯಾರ್ಥಿಗಳಿಗೆ ತಲಾ 1100 ಡಾಲರ್‌ವರೆಗೆ ತುರ್ತು ನೆರವು ಕೊಟ್ಟಿತು. ಊಟದ ಪೊಟ್ಟಣಕ್ಕೆ ಸಾಲು ನಿಂತವರು, ಕೆಲವೇ ತಿಂಗಳ ಹಿಂದೆ ಬಿಲಿಯನ್‌ಗಟ್ಟಲೆ ರಫ್ತು ಅಂತ ಹೊಗಳಿಸಿಕೊಂಡವರೇ.

ಗಡಿ ತೆರೆದ ಮೇಲೆ ಬಾಡಿಗೆ ಏರಿತು. ಆಗ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಮನೆಗಳನ್ನು ಕಟ್ಟದೇ ಇದ್ದವರು ಯಾರೋ, ಬೈಸಿಕೊಂಡವರು ವಿದ್ಯಾರ್ಥಿಗಳು. ವೀಸಾ ಶುಲ್ಕ 710 ಇದ್ದದ್ದು 2024ರ ಜುಲೈನಲ್ಲಿ 1600, ಮರುವರ್ಷ 2000. 2025ಕ್ಕೆ 2,70,000 ಹೊಸ ವಿದೇಶಿ ವಿದ್ಯಾರ್ಥಿಗಳು ಸಾಕು ಅಂತ ಸರ್ಕಾರ ಮಿತಿ ಗೊತ್ತು ಮಾಡಿತು. ಎಷ್ಟು ಜನ ಬರಬೇಕು ಅಂತ ತೀರ್ಮಾನಿಸುವ ಹಕ್ಕು ಒಂದು ದೇಶಕ್ಕೆ ಖಂಡಿತ ಇದೆ. ನನ್ನ ಪ್ರಶ್ನೆ ಬೇರೆ. ಅವರನ್ನು ಕಡಿಮೆ ಮಾಡಿದಾಗ ಅವರು ತರುತ್ತಿದ್ದ ಹಣದ ಜಾಗಕ್ಕೆ ಸರ್ಕಾರ ಎಷ್ಟು ಹಾಕಿತು? ಊರುಗೋಲು ಕಿತ್ತುಕೊಂಡರೆ ಕಾಲನ್ನಾದರೂ ವಾಪಸ್ ಕೊಡಬೇಕಲ್ಲ.

ಇಲ್ಲಿ ನೀವು ಕೇಳಬಹುದು: ಈ ಯೂನಿವರ್ಸಿಟಿಗಳೇನು ಬಡವೇ? ಸಿಡ್ನಿ ಯೂನಿವರ್ಸಿಟಿ 2021ರಲ್ಲಿ ಒಂದು ಬಿಲಿಯನ್ ಡಾಲರಿಗೂ ಹೆಚ್ಚು ಮಿಗತೆ ತೋರಿಸಿತು. ವೈಸ್ ಚಾನ್ಸಲರ್‌ಗಳಲ್ಲಿ ಹಲವರ ಸಂಬಳ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿದೆ. ಅದೇ ಹೊತ್ತಿಗೆ ಪಾಠ ಮಾಡುವವರಿಗೆ ಸಂಬಳ ಕಡಿಮೆ ಬಿದ್ದಿದೆ: 2024ರ ಡಿಸೆಂಬರಿನಲ್ಲಿ ಮೆಲ್ಬರ್ನ್ ಯೂನಿವರ್ಸಿಟಿ 25,000ಕ್ಕೂ ಹೆಚ್ಚು ಸಿಬ್ಬಂದಿಗೆ ಕಡಿಮೆ ಕೊಟ್ಟಿದ್ದ 72 ಮಿಲಿಯನ್ ಡಾಲರ್ ಬಾಕಿಯ ಬಗ್ಗೆ ಕಾರ್ಮಿಕ ನಿಯಂತ್ರಕರ ಜೊತೆ ಒಪ್ಪಂದ ಮಾಡಿಕೊಂಡಿತು. ಹೀಗಿರುವಾಗ ಇವರಿಗೆ ಇನ್ನೂ ತೆರಿಗೆ ಹಣ ಯಾಕೆ?

ಆಕ್ಷೇಪಣೆ ಸರಿಯಾಗಿದೆ, ನಾನು ತಳ್ಳಿಹಾಕಲ್ಲ. ಆದರೆ ಇದು ನನ್ನ ವಾದವನ್ನು ಬಲಪಡಿಸುತ್ತದೆ ಅಂತಲೇ ಅನಿಸುತ್ತೆ. ಒಂದು ವರ್ಷ ಸಾವಿರಾರು ಕೆಲಸಗಳಿಗೆ ಕತ್ತರಿ, ಮರುವರ್ಷ ಬಿಲಿಯನ್ ಮಿಗತೆ: ಇದು ಷೇರುಪೇಟೆ ಏರಿಳಿಯುವ ರೀತಿ, ಪಾಠಶಾಲೆ ನಡೆಯುವ ರೀತಿ ಅಲ್ಲ. ಪೇಟೆಯಲ್ಲಿ ದುಡಿದುಕೊಂಡು ಬಾ ಅಂತ ಮೂವತ್ತೈದು ವರ್ಷ ಕಳಿಸಿದ ಮೇಲೆ ಅವರು ಪೇಟೆಯ ಬುದ್ಧಿ ಕಲಿತು ಬಂದರು. 'ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ' ಅಂತ ಗಾದೆ ಇದೆಯಲ್ಲ, ಆ ದುಡ್ಡು ಮತ ಹಾಕಲಾರದವರದ್ದಾದರೆ ಲೆಕ್ಕ ಕೇಳೋರೂ ಇರಲ್ಲ. ತೆರಿಗೆ ಹಣ ಕೊಟ್ಟ ಸರ್ಕಾರ ಸಂಬಳದ ಬಗ್ಗೆ, ತರಗತಿಯ ಗಾತ್ರದ ಬಗ್ಗೆ ಪ್ರಶ್ನೆ ಕೇಳಬಹುದು. ನನ್ನ ಅಪ್ಪ ಮನೆ ಅಡವಿಟ್ಟು ಕಳಿಸಿದ ಹಣಕ್ಕೆ ಅಪ್ಪ ಯಾರನ್ನು ಕೇಳಬೇಕು? ಜೊತೆಗೆ ಕೂತು ಓದಿದ ಆಸ್ಟ್ರೇಲಿಯನ್ ಗೆಳೆಯನ ಸಾಲ ಅವನ ಸಂಬಳ ನೋಡಿಕೊಂಡು ಕಾಯುತ್ತಿತ್ತು. ನನ್ನ ಸಾಲದ ಕಂತು ನನಗೆ ಕೆಲಸ ಸಿಗುವ ತನಕವೂ ಕಾಯಲಿಲ್ಲ.

ಈಗ ಹಾಸನಕ್ಕೆ ವಾಪಸ್ ಬರ್ತೀನಿ.

ಯುಗಾದಿ ಊಟದ ಪಂಕ್ತಿಯಲ್ಲಿ ಇಲ್ಲಿಯ ಹಿರಿಯ ಕನ್ನಡಿಗರು ಒಂದು ಮಾತು ಹೇಳೋದುಂಟು: "ಈಗಿನ ಹುಡುಗ್ರು ಓದೋಕೆ ಬರಲ್ಲ, ವೀಸಾಗೆ ಬರ್ತಾರೆ." ಹೇಳುವವರಲ್ಲಿ ಹಲವರು ಬೆಂಗಳೂರಿನ ಯುವಿಸಿಇಯಂಥ ಕಾಲೇಜಿನಲ್ಲಿ ತೀರಾ ಕಡಿಮೆ ಫೀಸಿಗೆ ಎಂಜಿನಿಯರಿಂಗ್ ಓದಿ ಬಂದವರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಮರುವರ್ಷ ಆ ಎಂಜಿನಿಯರಿಂಗ್ ಕಾಲೇಜು, ಎರಡನ್ನೂ ಒಂದು ಸಂಸ್ಥಾನ ತನ್ನ ಬೊಕ್ಕಸದಿಂದ ಕಟ್ಟಿತು. ಹಿರಿಯರು ಆ ಏಣಿ ಹತ್ತಿ ಬಂದವರು. ಈಗಿನ ಹುಡುಗರಿಗೆ ಅಂಥದ್ದೊಂದು ಏಣಿ ಇದೆಯಾ ಅಂತ ಕೇಳಿದವರು ಕಡಿಮೆ.

ಹಾಸನದ ಹೇಮಗಂಗೋತ್ರಿ ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿತ್ತು. 2022-23ರ ಸುಮಾರಿಗೆ ಅದು ಹಾಸನ ವಿಶ್ವವಿದ್ಯಾಲಯವಾಯಿತು. ಅಕ್ಕನಿಗೆ ಹೆಮ್ಮೆಯಾಗಿತ್ತು, ಮಗ ಇಲ್ಲೇ ಎಂಎಸ್ಸಿ ಮಾಡಬಹುದು ಅಂತ. ಆ ಹೊತ್ತಿನಲ್ಲಿ ತೆರೆದ ಇಂಥ ಹೊಸ ವಿ.ವಿ.ಗಳಿಗೆ ತಲಾ ಎರಡು ಕೋಟಿ ರೂಪಾಯಿ ಸಿಕ್ಕಿತು ಅಂತ ಪತ್ರಿಕೆಗಳು ಬರೆದವು. ಎರಡು ಕೋಟಿಗೆ ಬೆಂಗಳೂರಿನಲ್ಲಿ ಒಂದು ಒಳ್ಳೆಯ ಫ್ಲಾಟ್ ಬರುತ್ತದೆ. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ ಇವುಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತೆತ್ತಿತು. ಹಾಸನದ್ದೂ ಪಟ್ಟಿಯಲ್ಲಿತ್ತು. ಕಾರಣ, ಹಣ ಇಲ್ಲ. ದುಡ್ಡಿಲ್ಲದೆ ತೆರೆದದ್ದು ಒಂದು ಪಕ್ಷ, ದುಡ್ಡಿಲ್ಲ ಅಂತ ಮುಚ್ಚಹೊರಟದ್ದು ಇನ್ನೊಂದು. ಇತ್ತ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನು ಹೊತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಅವರು ಖಾಯಮಾತಿ ಕೇಳಿ ವಾರಗಟ್ಟಲೆ ಧರಣಿ ಕೂತರು. ಗೌರವಧನ ಸ್ವಲ್ಪ ಏರಿತು. ಖಾಯಂ ಆಗಲಿಲ್ಲ.

ಅಕ್ಕನ ಮಗನಿಗೆ ಏನು ಹೇಳಲಿ? ಬರಬೇಡ ಅನ್ನುವ ಅರ್ಹತೆ ನನಗಿಲ್ಲ. ನಾನು ಬಂದೆ, ಒಳ್ಳೆಯ ಮೇಷ್ಟ್ರುಗಳ ಹತ್ತಿರ ಓದಿದೆ, ಈಗ ಸಿಡ್ನಿಯಲ್ಲಿ ಆರಾಮಾಗಿದ್ದೀನಿ. ಶೀಟನ್ನು ಅವನಿಗೆ ಕಳಿಸಿದೆ. ಪ್ರತಿ ಸಾಲಿನ ಮುಂದೆ ಒಂದು ಕಾಲಂ ಜಾಸ್ತಿ ಹಾಕಿದ್ದೆ: 'ಇದನ್ನು ನಿಜವಾಗಿ ಯಾರು ಕೊಡಬೇಕಿತ್ತು?' ಕೆಲವು ಸಾಲುಗಳ ಮುಂದೆ 'ಕ್ಯಾನ್ಬೆರಾ' ಅಂತ ಬರೆದಿದ್ದೆ, ಕೆಲವುಗಳ ಮುಂದೆ 'ವಿಧಾನಸೌಧ'.

ಎರಡು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. ಶೀಟು ನೋಡಿದ್ದಳು. "ಅವರು ಕೊಡಬೇಕಿತ್ತು ಅನ್ನೋದು ಗೊತ್ತಾಯ್ತು ಕಣೋ. ಅವರು ಕೊಡೋ ತನಕ ಇವನ ವಯಸ್ಸು ಕಾಯತ್ತಾ?" ಅಂದಳು.

ಆಮೇಲೆ ಜಮೀನಿನ ಪಹಣಿ ಯಾರ ಹೆಸರಲ್ಲಿದ್ದರೆ ಬ್ಯಾಂಕು ಬೇಗ ಸಾಲ ಕೊಡುತ್ತೆ ಅಂತ ವಿಚಾರಿಸಿದಳು.