ವಾರಕ್ಕೆ ಮೂರು ಹಾಡು

ಕಳೆದ ವಾರ ಮಾತು ಕೊಟ್ಟಂತೆ ಇವತ್ತು ಹೊರೇಶಿಯೋ ಸ್ಪಾಫರ್ಡ್ ಸರದಿ. ಕಥೆ ಈ ಅಂಕಣದ ಓದುಗರಿಗೆ ಹೊಸದಲ್ಲ. 1873ರ ನವೆಂಬರ್‌ನಲ್ಲಿ ‘ವಿಲ್ ದು ಆವ್ರ್’ ಹಡಗು ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಸ್ಪಾಫರ್ಡ್‌ನ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು, ಹೆಂಡತಿ ಆ್ಯನಾ ಮಾತ್ರ ಬದುಕಿ ಉಳಿದಳು. ಅವಳನ್ನು ಕರೆತರಲು ಹೊರಟವನು, ಮಕ್ಕಳು ಮುಳುಗಿದ ಜಾಗವನ್ನು ದಾಟುವಾಗ ಹಡಗಿನಲ್ಲೇ ‘ಇಟ್ ಈಸ್ ವೆಲ್ ವಿತ್ ಮೈ ಸೋಲ್’ ಬರೆದ ಎನ್ನುತ್ತಾರೆ. ಆಮೇಲೆ ಹುಟ್ಟಿದ ಮಗಳು ಬರ್ತಾ ಬರೆದಿರುವುದೂ ಹಾಗೆಯೇ. ಆದರೆ ಗಾಯಕ ಐರಾ ಸ್ಯಾಂಕಿಯ ನೆನಪು ಬೇರೆ. 1876ರಲ್ಲಿ ತಾನು ಷಿಕಾಗೋದಲ್ಲಿ ಸ್ಪಾಫರ್ಡ್ ಮನೆಯಲ್ಲಿ ಉಳಿದುಕೊಂಡಿದ್ದಾಗ ಅವನು ಈ ಹಾಡು ಬರೆದ ಎನ್ನುತ್ತಾನೆ ಸ್ಯಾಂಕಿ. ನಮಗೆ ಉಳಿದಿರುವ ಹಸ್ತಪ್ರತಿಯಂತೂ ಷಿಕಾಗೋದ ಒಂದು ಹೋಟೆಲಿನ ಕಾಗದದ ಮೇಲಿದೆ.

ನನಗೆ ಸ್ಯಾಂಕಿಯ ಮಾತೇ ಹೆಚ್ಚು ಒಪ್ಪಿಗೆ. ಹಾಗೆಂದು ಆ ತಂದೆಯ ದುಃಖ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ನನ್ನ ಜಗಳವೇನಿದ್ದರೂ ಪ್ರತಿ ಸ್ತುತಿಗೀತೆಯ ಹಿಂದೆಯೂ ಒಂದು ಸಾವು, ಒಂದು ರಾತ್ರಿ, ಒಂದು ಪವಾಡವನ್ನು ಹುಡುಕುವ ಪ್ರವಚನಕಾರರ ಜೊತೆಗೆ. ದುಃಖಪಟ್ಟವರೆಲ್ಲ ಹಾಡು ಬರೆಯುವುದಿಲ್ಲ. ಹಾಡು ಕಟ್ಟಲು ಕೈ ಪಳಗಿರಬೇಕು. ಕೈ ಪಳಗಿಸಿಕೊಂಡವರ ಮಾತು ಬಂದಮೇಲೆ ಸ್ಪಾಫರ್ಡ್ ಮುಂದಿನ ವಾರದವರೆಗೆ ಕಾಯಲಿ, ಫ್ಯಾನಿ ಕ್ರಾಸ್ಬಿಗೆ ಬರುತ್ತೇನೆ.

1820ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಯಲ್ಲಿ ಹುಟ್ಟಿದಾಕೆ. ಆರು ವಾರದ ಕೂಸಿಗೆ ಕಣ್ಣು ಬಾತಾಗ ಯಾವನೋ ಅರೆಬರೆ ವೈದ್ಯ ಬಿಸಿ ಸಾಸಿವೆ ಪಟ್ಟು ಹಾಕಿದ, ದೃಷ್ಟಿ ಹೋಯಿತು. ಚಿಕ್ಕಂದಿನಲ್ಲೇ ಬೈಬಲಿನ ಅಧ್ಯಾಯಗಳನ್ನು ವಾರ ವಾರವೂ ಬಾಯಿಪಾಠ ಮಾಡಿಸಿದರು. ಮೋಶೆಯ ಐದು ಪುಸ್ತಕಗಳು, ನಾಲ್ಕು ಸುವಾರ್ತೆಗಳು ಅವಳ ನಾಲಿಗೆಯ ಮೇಲಿದ್ದವು. 1835ರಲ್ಲಿ ನ್ಯೂಯಾರ್ಕಿನ ಅಂಧರ ಶಾಲೆ ಸೇರಿ, ಅಲ್ಲೇ ಕಲಿತು, ಅಲ್ಲೇ ಕಲಿಸಿ, 1858ರಲ್ಲಿ ಅಂಧ ಸಂಗೀತಗಾರ ಅಲೆಕ್ಸಾಂಡರ್ ವಾನ್ ಆಲ್‌ಸ್ಟೈನ್‌ನ ಕೈಹಿಡಿದು ಹೊರಬಂದಳು. ಹುಟ್ಟಿದ ಒಂದೇ ಮಗು ಎಳೆತನದಲ್ಲೇ ತೀರಿಕೊಂಡಿತು. ಅದರ ಬಗ್ಗೆ ಅವಳು ಆಡಿದ ಮಾತು ತೀರಾ ಕಡಿಮೆ.

ಚರ್ಚಿನ ಹಾಡಿಗೆ ಕೈಹಾಕಿದ್ದು 1864ರಲ್ಲಿ, ನಲವತ್ತು ದಾಟಿದ ಮೇಲೆ, ವಿಲಿಯಂ ಬ್ರ್ಯಾಡ್‌ಬರಿ ಕರೆದಾಗ. ಅವನು ಸತ್ತ ಮೇಲೆ ಬಿಗ್ಲೋ ಆ್ಯಂಡ್ ಮೇನ್ ಕಂಪನಿಯವರ ಜೊತೆ ಕರಾರಾಯಿತು: ವಾರಕ್ಕೆ ಮೂರು ಹಾಡು. ಒಂದು ಹಾಡಿಗೆ ಸಿಗುತ್ತಿದ್ದದ್ದು ಒಂದೋ ಎರಡೋ ಡಾಲರ್, ಹಕ್ಕು ಪ್ರಕಾಶಕರದು. ಹೀಗೆ ದುಡಿದು ಬರೆದ ಹಾಡುಗಳು ಎಂಟು ಸಾವಿರಕ್ಕೂ ಮಿಗಿಲು. ಮನಸ್ಸಿನಲ್ಲೇ ಕಟ್ಟಿ, ಅಲ್ಲೇ ತಿದ್ದಿ, ಆಮೇಲೆ ಯಾರ ಕೈಯಲ್ಲಾದರೂ ಬರೆಸುತ್ತಿದ್ದಳು.

1868ರಲ್ಲಿ ಒಂದು ದಿನ ವಿಲಿಯಂ ಡೋನ್ ಅವಳ ಮನೆಗೆ ಬಂದ. ಸಿನ್ಸಿನಾಟಿಯಲ್ಲಿ ಮರಗೆಲಸದ ಯಂತ್ರಗಳ ಕಾರ್ಖಾನೆ ನಡೆಸುತ್ತಿದ್ದ ಡೋನ್ ರಾಗ ಕಟ್ಟುವುದರಲ್ಲೂ ನಿಸ್ಸೀಮ. ರೈಲಿಗೆ ನಲವತ್ತೇ ನಿಮಿಷ ಇದೆ, ಈ ರಾಗಕ್ಕೆ ಮಾತು ಬೇಕು ಎಂದ. ಕ್ರಾಸ್ಬಿ ರಾಗ ಕೇಳಿಸಿಕೊಂಡು ಒಳಗಿನ ಕೋಣೆಗೆ ಹೋಗಿ ಪ್ರಾರ್ಥಿಸಿದಳು. ಅರ್ಧ ಗಂಟೆಯೊಳಗೆ ‘ಸೇಫ್ ಇನ್ ದಿ ಆರ್ಮ್ಸ್ ಆಫ್ ಜೀಸಸ್’ ಸಿದ್ಧ. ಡೋನ್‌ಗೆ ರೈಲೂ ಸಿಕ್ಕಿತು.

ಇಂಥ ಬರವಣಿಗೆ ಪಂಡಿತರಿಗೆ ಹಿಡಿಸಲಿಲ್ಲ. 1892ರಲ್ಲಿ ಬಂದ ಜಾನ್ ಜೂಲಿಯನ್‌ನ ಸ್ತುತಿಗೀತೆಗಳ ಮಹಾಕೋಶ, ಕೆಲವನ್ನು ಬಿಟ್ಟರೆ ಇವಳ ರಚನೆಗಳು ತೀರ ದುರ್ಬಲ, ಜನಪ್ರಿಯತೆಯ ಬಹುಪಾಲು ರಾಗದ್ದು ಎಂದು ತೀರ್ಪು ಕೊಟ್ಟಿತು. ಜೂಲಿಯನ್ ದೊಡ್ಡ ವಿದ್ವಾಂಸ, ಅವನ ಕೋಶವನ್ನು ನಾನು ಇಂದಿಗೂ ತಿರುವಿಹಾಕುತ್ತೇನೆ. ಆದರೆ ಈ ತೀರ್ಪು ತಪ್ಪು. ಟ್ಯೂನ್ ಕೇಳಿ ಸಾಹಿತ್ಯ ಕೂರಿಸುವ ಕಷ್ಟ ಚಿ. ಉದಯಶಂಕರ್ ಹಾಡುಗಳನ್ನು ಕೇಳಿ ಬೆಳೆದ ನಮಗೆ ಹೇಳಿಕೊಡಬೇಕಾಗಿಲ್ಲ.

‘ಬ್ಲೆಸ್ಡ್ ಅಶ್ಯೂರೆನ್ಸ್’ ತೆಗೆದುಕೊಳ್ಳಿ. 1873ರಲ್ಲಿ ಫೀಬಿ ನ್ಯಾಪ್ ತಾನೇ ಕಟ್ಟಿದ ರಾಗ ನುಡಿಸಿ, ಇದು ಏನು ಹೇಳುತ್ತಿದೆ ಎಂದು ಕೇಳಿದಳು. ಕ್ರಾಸ್ಬಿ ಅಲ್ಲೇ ಉತ್ತರ ಕೊಟ್ಟಳು, ಆ ಉತ್ತರವೇ ಹಾಡಿನ ಮೊದಲ ಸಾಲು. ರಾಗದ ನಡೆ ಮೂರು ಮೂರರ ಗುಂಪು, ಅಪ್ಪಟ ತಿಶ್ರ. ಉತ್ಸಾಹ ರಗಳೆಯನ್ನು ಗಟ್ಟಿಯಾಗಿ ಓದಿಕೊಂಡವರಿಗೆ ಆ ಹೆಜ್ಜೆ ಕಾಲಿಗೇ ತಿಳಿಯುತ್ತದೆ. ಮೊದಲ ಚರಣದ ಆರಂಭದಲ್ಲಿ ಗುಂಪಿನ ತಲೆಗೆ ಒತ್ತಿನ ಅಕ್ಷರ, ಹಿಂದೆ ಎರಡು ಹಗುರ ಅಕ್ಷರ, ರಾಗ ಎಳೆದು ನಿಲ್ಲುವ ಸಾಲಿನ ಕೊನೆಗೆ ಮತ್ತೆ ಒತ್ತು. ಸಂಗೀತ ಕಲಿಯದವರೂ ಒಂದೇ ಸಲಕ್ಕೆ ಹಾಡಬಲ್ಲರು, ನಾಲಿಗೆ ಎಲ್ಲೂ ತೊಡರುವುದಿಲ್ಲ. ಪಾಶ್ಚಾತ್ಯ ರಾಗಕ್ಕೆ ಕನ್ನಡ ಮಾತು ಹೊಂದಿಸಿ ನಮ್ಮ ಚರ್ಚುಗಳಲ್ಲಿ ಹಾಡುವವರಿಗೆ ಇದರ ಬೆಲೆ ಗೊತ್ತು. ಹೊಂದಿಸಿದವರು ಎಚ್ಚರ ತಪ್ಪಿದ ಕಡೆ ಹ್ರಸ್ವದ ಮೇಲೆ ರಾಗ ಎಳೆಯುತ್ತದೆ, ದೀರ್ಘ ಓಡಿಹೋಗುತ್ತದೆ, ಅರ್ಥ ಕೈತಪ್ಪುತ್ತದೆ. ಕ್ರಾಸ್ಬಿಯಲ್ಲಿ ಮಾತನ್ನೂ ರಾಗವನ್ನೂ ಬೇರ್ಪಡಿಸಿ ತೂಗಲು ಬರುವುದಿಲ್ಲ. ಜೂಲಿಯನ್ ತೂಗಲು ಹೋಗಿ ಎಡವಿದ.

ಹಾಡಿನಿಂದ ಬಂದ ಕಾಸನ್ನೂ ಅವಳು ಇಟ್ಟುಕೊಂಡವಳಲ್ಲ. ನ್ಯೂಯಾರ್ಕಿನ ಬಡವರ ಬೀದಿಗಳಲ್ಲೇ ಬಾಡಿಗೆಗಿದ್ದು, ಕುಡಿತಕ್ಕೆ ಬಿದ್ದವರ ನಡುವೆ ಸೇವಾಕೇಂದ್ರಗಳಲ್ಲಿ ದುಡಿದು, ಕೈಗೆ ಬಂದದ್ದನ್ನು ಕೊಟ್ಟುಬಿಡುತ್ತಿದ್ದಳು. ತೀರಿಕೊಂಡದ್ದು 1915ರ ಫೆಬ್ರವರಿಯಲ್ಲಿ, ಬ್ರಿಜ್‌ಪೋರ್ಟ್‌ನಲ್ಲಿ.

ಒಂದೇ ಪುಸ್ತಕದಲ್ಲಿ ಒಬ್ಬಳದೇ ಹೆಸರು ಅಷ್ಟು ಸಲ ಬರುವುದು ಪ್ರಕಾಶಕರಿಗೆ ಇಷ್ಟವಿರಲಿಲ್ಲ, ಹಾಗಾಗಿ ಸುಮಾರು ಇನ್ನೂರು ಬೇರೆ ಹೆಸರುಗಳಲ್ಲಿ ಅಚ್ಚು ಹಾಕಿದರು. ನಿಮ್ಮ ಮನೆಯಲ್ಲಿ ಹಳೆಯ ಇಂಗ್ಲಿಷ್ ಹಾಡುಪುಸ್ತಕವಿದ್ದರೆ ತೆಗೆದು ನೋಡಿ. ಗ್ರೇಸ್ ಜೆ. ಫ್ರಾನ್ಸಿಸ್, ಹೆನ್ರಿಯೆಟಾ ಇ. ಬ್ಲೇರ್, ಲಿಜ್ಜಿ ಎಡ್ವರ್ಡ್ಸ್ ಎಂಬ ಹೆಸರು ಕಂಡರೆ, ಆ ಮೂವರೂ ಫ್ಯಾನಿ ಕ್ರಾಸ್ಬಿಯೇ.